ಕೈಹಿಡಿ ಜಿಪಿಎಸ್: ಮೂರು ವರ್ಷದ ಬಳಕೆಯ ನಂತರ, ಮುಖ್ಯವಾಗಿ ಸೆಲ್ ಪೆಟ್ಟಿಗೆಯ ಬಗ್ಗೆ

ಗುಣವಿವರಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಎರಡು ಎಎ ಸೆಲ್ ಹಾಕಿ, ಗುಂಡಿ ಒತ್ತಿ ನಡೆಸುವ ಕೈಹಿಡಿ ರಿಸೀವರ್ ಇದು. ಟಚ್‌ಸ್ಕ್ರೀನ್ ಇಲ್ಲ. ಉಪಗ್ರಹಗಳು ಸಿಗ್ನಲ್ ಕಳಿಸುವ ಎಲ್1, ಎಲ್5 ಎಂಬ ಎರಡೂ ತರಂಗಗಳನ್ನು ಹಿಡಿಯುತ್ತದೆ, ಒಳಗೆ ವಾಯು ಒತ್ತಡ ಅಳೆಯುವ ಸೆನ್ಸರ್ ಇದೆ. ಮೂರು ವರ್ಷ ನಡಿಗೆಗೂ ಸೈಕಲ್‌ಗೂ ಬಳಸಿಯಾಗಿದೆ. ನಡಿಗೆಗೆ ಹತ್ತಕ್ಕೆ ಒಂಬತ್ತು ಅಂಕ ಧಾರಾಳವಾಗಿ ಕೊಡುತ್ತೇನೆ. ಸೈಕಲ್‌ಗೆ ಐದರ ಮೇಲೆ ಕೊಡಲು ಕೈ ಬರುವುದಿಲ್ಲ. ಕಾರಣ ಒಂದೇ, ಸೆಲ್ ಕೂರುವ ಪೆಟ್ಟಿಗೆ.

ಹ್ಯಾಂಡಲ್‌ಗೆ ಕಟ್ಟಿ ಜಲ್ಲಿ ರಸ್ತೆಗೆ ಇಳಿದರೆ ಸಾಧನ ಸದ್ದಿಲ್ಲದೆ ಆಫ್ ಆಗುತ್ತದೆ. ಎಚ್ಚರಿಕೆಯ ಬೀಪ್ ಇಲ್ಲ, ಪರದೆಯ ಮೇಲೆ ಸಂದೇಶವೂ ಇಲ್ಲ. ಎಷ್ಟೋ ದೂರ ಹೋದ ಮೇಲೆ ಕಣ್ಣು ಹಾಯಿಸಿದರೆ ಪರದೆ ಖಾಲಿ. ಮತ್ತೆ ಆನ್ ಮಾಡಿದರೆ ಬ್ಯಾಟರಿ ಪೂರ್ತಿ ತೋರಿಸುತ್ತದೆ. ರೋಗ ಯಾವುದು ಎಂದು ತಿಳಿಯುವುದು ಇಲ್ಲೇ. ಚಾರ್ಜ್ ಮುಗಿದು ಆಫ್ ಆಗಿದ್ದರೆ ಮೊದಲೇ ಎಚ್ಚರಿಕೆ ಬಂದಿರುತ್ತದೆ, ಮತ್ತೆ ಆನ್ ಮಾಡಿದಾಗ ಗೆರೆಗಳೂ ಕಡಿಮೆ ಇರುತ್ತವೆ. ಎಚ್ಚರಿಕೆಯೂ ಇಲ್ಲ, ಗೆರೆಗಳೂ ತುಂಬಿವೆ ಎಂದರೆ ಸೆಲ್‌ಗೂ ಲೋಹದ ಪಟ್ಟಿಗೂ ನಡುವಿನ ಸಂಪರ್ಕ ಅರೆಕ್ಷಣ ತಪ್ಪಿದೆ ಎಂದೇ ಅರ್ಥ. ಕರೆಂಟ್ ಎರಡೂ ಸೆಲ್‌ಗಳನ್ನು ಒಂದಾದ ಮೇಲೊಂದು ದಾಟಿಯೇ ಬರಬೇಕಾದ್ದರಿಂದ ಒಂದು ಅಲುಗಾಡಿದರೂ ಇಡೀ ಸಾಧನಕ್ಕೆ ಕರೆಂಟ್ ಇಲ್ಲ. ಮನೆಗೆ ಬಂದು ಟ್ರ್ಯಾಕ್, ಅಂದರೆ ಸಾಧನ ದಾಖಲಿಸಿದ ದಾರಿ, ತೆರೆದರೆ, ಅಂಕುಡೊಂಕಾದ ದಾರಿಯ ನಡುವೆ ರೂಲರ್ ಇಟ್ಟು ಎಳೆದಂತೆ ಒಂದು ನೇರ ಗೆರೆ. ಆ ಭಾಗದ ದೂರವೂ ಸುಳ್ಳು, ಏರಿಳಿತವೂ ಸುಳ್ಳು.

ಇದಕ್ಕೆ ಸೆಲ್‌ಗಳ ಅಳತೆಯೂ ಒಂದು ಕಾರಣ. ಎಎ ಸೆಲ್ ಎಂದರೆ ದಪ್ಪ 14.5 ಮಿ.ಮೀ. ಮೀರಬಾರದು, ಉದ್ದ 50.5 ಮಿ.ಮೀ. ಮೀರಬಾರದು. ಈ ಮಿತಿಯೊಳಗೆ ಒಂದೊಂದು ಕಂಪನಿಯದು ಕೂದಲೆಳೆಯಷ್ಟು ಬೇರೆ, ಪಾಸಿಟಿವ್ ತುದಿಯ ಉಬ್ಬು ಕೆಲವದರಲ್ಲಿ ಗಿಡ್ಡ. ಹೀಗಾಗಿ ಒಂದು ಜೊತೆ ಸೆಲ್‌ನಲ್ಲಿ ಇಡೀ ದಿನ ನಡೆಯುವ ಸಾಧನ, ಇನ್ನೊಂದು ಜೊತೆಯಲ್ಲಿ ಗಂಟೆಗೆರಡು ಸಲ ಸಾಯುತ್ತದೆ. ದೋಷ ಹುಡುಕುವಾಗ ಮೊದಲು ಸೆಲ್‌ನ ಬ್ರ್ಯಾಂಡ್ ಬದಲಿಸಿ ನೋಡಿ.

ಕೆಲಸಕ್ಕೆ ಬಂದ ಪರಿಹಾರ ಇದು. ದಪ್ಪ ಕಾಗದವನ್ನು, ಹಳೆಯ ಆಮಂತ್ರಣ ಪತ್ರಿಕೆಯಾದರೂ ಸರಿ, 4 ಸೆಂ.ಮೀ. ಅಗಲಕ್ಕೆ ಕತ್ತರಿಸಿ ಎರಡೂ ಸೆಲ್‌ಗಳನ್ನು ಸೇರಿಸಿ ಒಂದು ಸುತ್ತು ಬಿಗಿಯಾಗಿ ಸುತ್ತಿ, ಪೆಟ್ಟಿಗೆಯಲ್ಲಿ ಕೂರಿಸಬೇಕು. ಸೆಲ್ ಅಡ್ಡಡ್ಡ ಅಲುಗಾಡುವುದು ನಿಲ್ಲುತ್ತದೆ. ಮುಚ್ಚಳದ ಒಳಮೈಗೆ 2 ಮಿ.ಮೀ. ದಪ್ಪದ ಫೋಮ್ ತುಂಡು ಅಂಟಿಸಿದರೆ ಮೇಲಿನಿಂದಲೂ ಒತ್ತು ಸಿಗುತ್ತದೆ. ಆದರೆ ಇಲ್ಲಿ ಅತಿಯಾಸೆ ಬೇಡ. ಫೋಮ್ ದಪ್ಪವಾದರೆ ಮುಚ್ಚಳ ಉಬ್ಬಿ ರಬ್ಬರ್ ಸೀಲ್ ಸರಿಯಾಗಿ ಕೂರುವುದಿಲ್ಲ. ಐಪಿಎಕ್ಸ್7, ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಎಂಬ ಭರವಸೆ ಆ ಸೀಲ್‌ನ ಮೇಲೆಯೇ ನಿಂತಿದೆ. ಮುಚ್ಚಳ ಹಾಕಿದ ಮೇಲೆ ಅಂಚಿನ ಸುತ್ತ ಉಗುರು ಆಡಿಸಿ, ಎಲ್ಲೂ ಸಂದು ಸಿಗಬಾರದು.

ಅಷ್ಟಾದರೂ ಆಫ್ ಆಗುತ್ತಿದ್ದರೆ ಸಂಪರ್ಕದ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ. ಸೆಲ್‌ನ ಉಬ್ಬು ತಾಗುವ ಕಡೆ ಸಣ್ಣ ಕಪ್ಪು ಚುಕ್ಕೆ ಕಂಡರೆ, ಅದು ಕುಲುಕಾಟದಲ್ಲಿ ಲೋಹಕ್ಕೆ ಲೋಹ ತಿಕ್ಕಿ ಕಟ್ಟಿದ ಆಕ್ಸೈಡ್. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ. ಹೋಗದಿದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಊದಿ, ಮತ್ತೊಮ್ಮೆ ಒರೆಸಿ. ಮರಳು ಕಾಗದ ಖಂಡಿತ ಬೇಡ. ಮೇಲಿನ ಲೇಪನ ಕಿತ್ತುಹೋಗಿ ಮುಂದಿನ ಮಳೆಗಾಲಕ್ಕೆ ತುಕ್ಕು ಗ್ಯಾರಂಟಿ. ಸ್ಪ್ರಿಂಗ್ ಕುಗ್ಗಿದ್ದರೆ ಚಿಮುಟದಿಂದ 1 ಮಿ.ಮೀ.ನಷ್ಟು ಎಳೆಯಬಹುದು. ಅದಕ್ಕಿಂತ ಹೆಚ್ಚು ಎಳೆದರೆ ಸ್ಪ್ರಿಂಗ್ ಶಾಶ್ವತವಾಗಿ ಸಡಿಲವಾಗುತ್ತದೆ.

ಇಷ್ಟು ದುಬಾರಿ ಸಾಧನಕ್ಕೆ ಕಾಗದ ಸುತ್ತಬೇಕಾಗಿ ಬಂದದ್ದು ಬೇಸರದ ಸಂಗತಿ. ಹೆಸರಿಗೆ ಸೈಕಲ್ ಕ್ಲ್ಯಾಂಪನ್ನು ತಯಾರಕರೇ ಮಾರುತ್ತಾರೆ. ಸಾಧನವನ್ನು ಹ್ಯಾಂಡಲ್ ಮೇಲೆ ಇಡಲು ಹೇಳುವವರು, ಅಲ್ಲಿಯ ಕುಲುಕಾಟವನ್ನು ತಾಳುವಂತೆ ಸೆಲ್ ಪೆಟ್ಟಿಗೆ ಮಾಡಬೇಕಿತ್ತು. ಆ ಕ್ಲ್ಯಾಂಪ್ ಕೂಡ ಗಟ್ಟಿ ಪ್ಲಾಸ್ಟಿಕ್. ಹ್ಯಾಂಡಲ್ ಮತ್ತು ಕ್ಲ್ಯಾಂಪ್ ನಡುವೆ ಹಳೆಯ ಟ್ಯೂಬಿನ ತುಂಡು ಹಾಕಿ ಬಿಗಿದರೆ ಕುಲುಕಾಟ ಎಷ್ಟೋ ಕಡಿಮೆ. ಹಿಂಬದಿಯ ಕೊಕ್ಕೆ ಮುರಿದರೂ ಸಾಧನ ಉಳಿಯಲಿ ಎಂದು ಕೈದಾರವನ್ನು ಹ್ಯಾಂಡಲ್‌ಗೆ ಒಂದು ಸುತ್ತು ಹಾಕಿಯೇ ಹೊರಡಬೇಕು.

ಸೆಲ್ ಯಾವುದು ಕೊಳ್ಳಬೇಕು? ಬಳಸದೆ ಇಟ್ಟಾಗ ಚಾರ್ಜ್ ತಾನಾಗಿ ಇಳಿಯುವುದು ಕಡಿಮೆ ಇರುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ನಾಲ್ಕು, ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ತುಂಬುವ ಚಾರ್ಜರ್ ಒಂದು. ಎರಡೆರಡು ಜೊತೆ ಮಾಡಿ ಸೆಲ್ ಮೇಲೆಯೇ 1-1, 2-2 ಎಂದು ಮಾರ್ಕರಿನಿಂದ ಬರೆಯಿರಿ. ಜೊತೆ ಒಡೆದರೆ ದುರ್ಬಲ ಸೆಲ್ ಮೊದಲು ಖಾಲಿಯಾಗಿ, ಗಟ್ಟಿ ಸೆಲ್ ಅದನ್ನು ಇನ್ನೂ ಹಾಳುಮಾಡುತ್ತದೆ. ಸೆಟ್ಟಿಂಗ್‌ನಲ್ಲಿ ಬ್ಯಾಟರಿ ಬಗೆಯನ್ನು ಬದಲಿಸುವುದನ್ನು ಹಲವರು ಮರೆಯುತ್ತಾರೆ. ಈ ಸೆಲ್‌ಗಳ ವೋಲ್ಟೇಜ್ 1.2, ಆಲ್ಕಲೈನ್‌ದು 1.5. ಆಲ್ಕಲೈನ್ ಎಂದೇ ಬಿಟ್ಟರೆ ಸಾಕಷ್ಟು ಚಾರ್ಜ್ ಇರುವಾಗಲೇ ಖಾಲಿ ಎಂದು ಸಾಧನ ಕೂಗುತ್ತದೆ. ಕೊರೆಯುವ ಚಳಿಗೆ ಒಮ್ಮೆ ಬಳಸಿ ಎಸೆಯುವ ಲಿಥಿಯಂ ಸೆಲ್ ಒಳ್ಳೆಯದು, ತೂಕವೂ ಕಡಿಮೆ. ಯುಎಸ್‌ಬಿಯಿಂದ ಚಾರ್ಜ್ ಮಾಡುವ 1.5 ವೋಲ್ಟಿನ ಲಿಥಿಯಂ ಅಯಾನ್ ಎಎ ಸೆಲ್‌ಗಳು ಮಾತ್ರ ಇಲ್ಲಿ ಬೇಡ. ಒಳಗಿನ ಸರ್ಕ್ಯೂಟ್ ಕೊನೆಯವರೆಗೂ 1.5 ಹಿಡಿದಿಟ್ಟು ಒಮ್ಮೆಲೆ ಕಡಿದುಬಿಡುತ್ತದೆ, ತುಂಬಿದೆ ಎಂದು ತೋರಿಸುತ್ತಿದ್ದ ಸಾಧನ ಮರುಗಳಿಗೆಯಲ್ಲಿ ಕಪ್ಪಾಗುತ್ತದೆ. ಪವರ್ ಬ್ಯಾಂಕ್ ಕಟ್ಟುವವರಿಗೂ ಒಂದು ಮಾತು: ರಿಸೀವರ್ ಎಳೆಯುವ ಕರೆಂಟ್ ತೀರಾ ಕಡಿಮೆ, ಅನೇಕ ಪವರ್ ಬ್ಯಾಂಕ್‌ಗಳು ಏನೂ ಜೋಡಿಸಿಲ್ಲ ಎಂದುಕೊಂಡು ತಾವೇ ನಿಂತುಬಿಡುತ್ತವೆ.

ಈಗ ಒಳ್ಳೆಯ ಮಾತಿಗೆ ಬರೋಣ, ಅದೂ ಬೇಕಾದಷ್ಟಿದೆ. ಸಿಗ್ನಲ್ ಹಿಡಿಯುವುದರಲ್ಲಿ ಇದಕ್ಕೆ ಕೊರತೆ ಇಲ್ಲ. ಎಲ್1 ತರಂಗ 1575.42 ಮೆಗಾಹರ್ಟ್ಸ್, ಎಲ್5 1176.45. ಎಲ್5ರ ಕೋಡ್ ಹತ್ತು ಪಟ್ಟು ವೇಗದ್ದಾದ್ದರಿಂದ ಗೋಡೆಗೆ, ಬಂಡೆಗೆ ಬಡಿದು ತಡವಾಗಿ ಬರುವ ಸಿಗ್ನಲ್ಲನ್ನು ನೇರ ಸಿಗ್ನಲ್‌ನಿಂದ ಬೇರ್ಪಡಿಸುವುದು ಸುಲಭ. ಎತ್ತರದ ಕಟ್ಟಡಗಳ ನಡುವೆ, ಕಡಿದಾದ ಕಣಿವೆಯಲ್ಲಿ ಟ್ರ್ಯಾಕ್ ರಸ್ತೆ ಬಿಟ್ಟು ಆಚೀಚೆ ಹಾರುವುದು ಇದರಿಂದ ಕಡಿಮೆಯಾಗುತ್ತದೆ. ಬಯಲಿನಲ್ಲಿ ಮಾತ್ರ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ, ಅಲ್ಲಿ ಎಲ್5 ಆಫ್ ಮಾಡಿ ಸೆಲ್ ಉಳಿಸಿ. ಪರದೆಯ ಮೇಲಿನ "±3 ಮೀ." ಎಂಬುದು ಸಾಧನದ ಅಂದಾಜು ಅಷ್ಟೇ, ಖಾತರಿಯಲ್ಲ.

ಬೆಳಗಿನ ಹೊತ್ತು ಹೊರಡುವ ಮುಂಚಿನ ಹತ್ತು ನಿಮಿಷ ಈ ಸಾಧನದ ಜೊತೆ ಕಳೆಯುವುದು ನಿಜಕ್ಕೂ ಹಿತ. ಬಯಲಿಗೆ ತಂದು, ಆನ್ ಮಾಡಿ, ಅಲ್ಲಾಡಿಸದೆ ಒಂದು ಕಲ್ಲಿನ ಮೇಲೆ ಇಡಬೇಕು. ಪ್ರತಿ ಜಿಪಿಎಸ್ ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಕಳಿಸುತ್ತದೆ. ನಡೆಯುತ್ತ ಮರದ ಕೆಳಗೆ ಸುಳಿದಾಡಿದರೆ ಅದು ನಡುವೆ ತುಂಡಾಗಿ ಮೊದಲಿನಿಂದ ಓದಬೇಕಾಗುತ್ತದೆ. ಪರದೆಯ ಮೇಲೆ ಉಪಗ್ರಹಗಳ ಖಾಲಿ ಗೆರೆಗಳು ಒಂದೊಂದಾಗಿ ತುಂಬಿಕೊಳ್ಳುವುದನ್ನು ನೋಡುತ್ತ ಬೂಟಿನ ಲೇಸ್ ಕಟ್ಟಿಕೊಳ್ಳಬಹುದು. ಆಮೇಲೆ ದಿಕ್ಸೂಚಿ. ಸೆಲ್ ಬದಲಿಸಿದ ಪ್ರತಿ ಸಲವೂ ಅದನ್ನು ಹೊಂದಿಸಬೇಕು, ಏಕೆಂದರೆ ಸೆಲ್‌ನ ಉಕ್ಕಿನ ಕವಚವೇ ಅಯಸ್ಕಾಂತ ಕ್ಷೇತ್ರವನ್ನು ಬದಲಿಸುತ್ತದೆ. ಸೈಕಲ್ ಪಕ್ಕ, ಕಾರಿನ ಪಕ್ಕ ನಿಂತು ಮಾಡಿದರೆ ವ್ಯರ್ಥ.

ಕೊನೆಗೆ ಎತ್ತರ. ಸಮುದ್ರ ಮಟ್ಟದ ಹತ್ತಿರ ಒತ್ತಡ 1 ಹೆಕ್ಟೊಪ್ಯಾಸ್ಕಲ್ ಬದಲಾದರೆ ಎತ್ತರದಲ್ಲಿ ಸುಮಾರು 8 ಮೀಟರ್ ವ್ಯತ್ಯಾಸ. ರಾತ್ರಿ ಹವೆ ಕೆಟ್ಟು ಒತ್ತಡ 4 ಹೆಕ್ಟೊಪ್ಯಾಸ್ಕಲ್ ಇಳಿದರೆ, ಮೇಜಿನ ಮೇಲಿದ್ದ ಸಾಧನ ಸುಮಾರು 30 ಮೀಟರ್ ಏರಿದಂತೆ ತೋರಿಸುತ್ತದೆ. ಆದ್ದರಿಂದ ಎತ್ತರ ಗೊತ್ತಿರುವ ಜಾಗದಲ್ಲಿ ನಿಂತು ಆ ಅಂಕಿಯನ್ನು ಕೈಯಾರೆ ತುಂಬುವುದೇ ವಾಸಿ. ಸೆನ್ಸರಿನ ಸೂಜಿಗಾತ್ರದ ತೂತಿಗೆ ಕೆಸರು ಮೆತ್ತಿದರೆ ಎತ್ತರದ ಅಂಕಿ ಅಲುಗಾಡದೆ ನಿಂತುಬಿಡುತ್ತದೆ. ಪಿನ್ನು ತೂರಿಸಬೇಡಿ, ಸೆನ್ಸರ್ ಹರಿದುಹೋಗುತ್ತದೆ. ಶುದ್ಧ ನೀರಿನಲ್ಲಿ ತೊಳೆದು ತೂತು ಕೆಳಮುಖವಾಗಿರುವಂತೆ ಒಣಗಲು ಬಿಡಿ. ಮೊಬೈಲ್‌ನಲ್ಲಿ ಒಂದು ಎತ್ತರ, ಇಲ್ಲಿ ಇನ್ನೊಂದು ಎಂದು ಗಾಬರಿಯಾಗುವವರಿಗೆ: ಕೆಲವು ಆ್ಯಪ್‌ಗಳು ಭೂಮಿಯ ಗಣಿತದ ಆಕಾರವಾದ ಎಲಿಪ್ಸಾಯ್ಡ್‌ನಿಂದ ಅಳೆಯುತ್ತವೆ, ರಿಸೀವರ್ ಸಮುದ್ರ ಮಟ್ಟದಿಂದ ಅಳೆಯುತ್ತದೆ. ಇವೆರಡರ ಅಂತರ ಭೂಮಿಯ ಕೆಲವು ಕಡೆ 100 ಮೀಟರ್ ದಾಟುತ್ತದೆ.

ನಕ್ಷೆಗೆ ಹಣ ಕೊಡುವ ಅಗತ್ಯ ನನಗೆ ಬಿದ್ದಿಲ್ಲ. ಜನರೇ ಸೇರಿ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಉಚಿತ ನಕ್ಷೆ ಸಾಕು. 2004ರಲ್ಲಿ ಶುರುವಾದ ಈ ಯೋಜನೆಯಲ್ಲಿ ಕಾಲುದಾರಿಗಳು ಎಷ್ಟೋ ಕಡೆ ಮಾರಾಟದ ನಕ್ಷೆಗಿಂತ ಚೆನ್ನಾಗಿವೆ. ನಕ್ಷೆ ಇಡುವ ಮೆಮೊರಿ ಕಾರ್ಡ್ 32 ಜಿಬಿ ಮೀರದ್ದು, ಫ್ಯಾಟ್32 ಫಾರ್ಮ್ಯಾಟ್‌ನದು ಇರಲಿ. 64 ಜಿಬಿಯದು ಎಕ್ಸ್‌ಫ್ಯಾಟ್ ಎಂಬ ಬೇರೆ ಫಾರ್ಮ್ಯಾಟ್‌ನಲ್ಲಿ ಬರುತ್ತದೆ, ಅನೇಕ ರಿಸೀವರ್‌ಗಳು ಅದನ್ನು ಓದುವುದಿಲ್ಲ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳನ್ನು 20 ಮೀಟರ್ ಅಂತರಕ್ಕೆ ಹಾಕಿಕೊಳ್ಳಿ. ಬಹುತೇಕ ಉಚಿತ ನಕ್ಷೆಗಳ ಎತ್ತರದ ಮಾಹಿತಿ 2000ದ ಬಾಹ್ಯಾಕಾಶ ನೌಕೆಯ ರೇಡಾರ್ ಸಮೀಕ್ಷೆಯದು, 30 ಮೀಟರ್ ಚೌಕಗಳದು. ಅದರಿಂದ 10 ಮೀಟರ್ ರೇಖೆ ಎಳೆದರೆ ಪರದೆ ತುಂಬಿಹೋಗುತ್ತದೆ, ನಿಖರತೆ ಮಾತ್ರ ಹೆಚ್ಚುವುದಿಲ್ಲ.

ದಾರಿ ಯೋಜಿಸಲು ಕಂಪ್ಯೂಟರಿನಲ್ಲಿ ಕ್ಯೂಮ್ಯಾಪ್‌ಶ್ಯಾಕ್ ಎಂಬ ನಕ್ಷೆ ತಂತ್ರಾಂಶ ಬಲು ಅನುಕೂಲ. ಸಾಧನಕ್ಕೆ ಕಳಿಸುವಾಗ ರೂಟ್ ಆಗಿ ಕಳಿಸಬೇಡಿ, ಟ್ರ್ಯಾಕ್ ಆಗಿ ಕಳಿಸಿ. ರೂಟ್ ಎಂದರೆ ಕೆಲವೇ ಬಿಂದುಗಳು, ನಡುವಿನ ದಾರಿಯನ್ನು ಸಾಧನ ತನ್ನ ನಕ್ಷೆ ನೋಡಿ ಮತ್ತೆ ಲೆಕ್ಕ ಹಾಕಿ ನಿಮ್ಮನ್ನು ಹೆದ್ದಾರಿಗೆ ಕರೆದೊಯ್ಯಬಹುದು. ಟ್ರ್ಯಾಕ್ ಎಳೆದ ಹಾಗೇ ಉಳಿಯುತ್ತದೆ. ಬಿಂದುಗಳು ಸಾಧನದ ಮಿತಿ ಮೀರಿದರೆ ಜಿಪಿಎಸ್‌ಬೇಬಲ್ ಎಂಬ ತಂತ್ರಾಂಶದ ಸಿಂಪ್ಲಿಫೈ ಫಿಲ್ಟರ್ ಆಕಾರ ಕೆಡಿಸದೆ ಅವನ್ನು ಕಡಿಮೆ ಮಾಡುತ್ತದೆ.

ಇದೇ ಬಗೆಯ ಹಳೆಯ ಸಾಧನವನ್ನು ಎರಡನೇ ಕೈಯಿಂದ ಕೊಳ್ಳುವವರು ಬಯಲಿನಲ್ಲಿ ಆನ್ ಮಾಡಿಸಿ ತಾರೀಖು ನೋಡಲೇಬೇಕು. ಜಿಪಿಎಸ್ ವಾರದ ಎಣಿಕೆ 1024ಕ್ಕೆ ಮುಗಿದು ಸೊನ್ನೆಗೆ ಮರಳುತ್ತದೆ, 2019ರ ಏಪ್ರಿಲ್‌ನಲ್ಲಿ ಹಾಗಾಯಿತು. ಒಳಗಿನ ತಂತ್ರಾಂಶ (ಫರ್ಮ್‌ವೇರ್) ಹೊಸದಾಗದ ಸಾಧನಗಳು ಸುಮಾರು ಹತ್ತೊಂಬತ್ತೂವರೆ ವರ್ಷ ಹಿಂದಿನ ತಾರೀಖು ತೋರಿಸುತ್ತವೆ. ಸ್ಥಳ ಸರಿಯೇ ಇರಬಹುದು, ಟ್ರ್ಯಾಕ್‌ನ ಸಮಯ ಮಾತ್ರ ಕೆಲಸಕ್ಕೆ ಬಾರದು. ಆಮೇಲೆ ಸೆಲ್ ಹಾಕಿದ ಸಾಧನವನ್ನು ಅಂಗೈಗೆ ನಾಲ್ಕು ಸಲ ಗಟ್ಟಿಯಾಗಿ ತಟ್ಟಿ ನೋಡಿ. ಆಫ್ ಆದರೆ ವಾಪಸ್ ಕೊಟ್ಟುಬಿಡಿ.

ಸಂಜೆ ಮರಳಿದ ಮೇಲಿನ ಕೆಲಸ ಐದೇ ನಿಮಿಷದ್ದು. ಕೇಬಲ್ ಡೇಟಾ ಸಾಗಿಸುವಂಥದೇ ಆಗಬೇಕು. ಚಾರ್ಜಿಂಗ್‌ಗಷ್ಟೇ ಮಾಡಿದ ಕೇಬಲ್ ಚುಚ್ಚಿದರೆ ಕಂಪ್ಯೂಟರಿಗೆ ಸಾಧನ ಕಾಣುವುದೇ ಇಲ್ಲ. ಟ್ರ್ಯಾಕ್ ಇರುವ ಜಿಪಿಎಕ್ಸ್ ಫೈಲನ್ನು ನಕಲು ಮಾಡಿ, ತಾರೀಖಿನ ಹೆಸರು ಕೊಟ್ಟು, ತೆರೆದು ನೋಡಿ, ನೇರ ಗೆರೆ ಇಲ್ಲ ಎಂದು ಖಚಿತವಾದ ಮೇಲೆಯೇ ಸಾಧನದಿಂದ ಅಳಿಸಬೇಕು. ಮುಂದಿನ ವಾರಕ್ಕಿಂತ ಮೊದಲು ಹೊರಡುವುದಿಲ್ಲ ಎಂದಾದರೆ ಸೆಲ್ ಹೊರಗೆ ತೆಗೆದಿಡಿ. ಕಾಗದದ ಸುತ್ತು ಬೆವರಿಗೆ, ಮಳೆಗೆ ಮೆತ್ತಗಾಗಿದ್ದರೆ ಅದನ್ನೂ ಆಗಲೇ ಬದಲಿಸಿ.