ನಿಕಾನ್ ಡಿ850: ಕಲಿಯುವವರು ಕೊಳ್ಳಬೇಕೇ?

ನಾನು ವರ್ಷಗಳಿಂದ ಬಳಸುತ್ತಿರುವ ಕ್ಯಾಮೆರಾ ನಿಕಾನ್ ಡಿ850. ಯಕ್ಷಗಾನ ಮೇಳದ ಆಟಕ್ಕೂ ನೆಂಟರ ಮದುವೆಗೂ ಇದೇ. ಈಗಷ್ಟೇ ಫೋಟೋಗ್ರಫಿ ಶುರು ಮಾಡಿದವರು ಇದನ್ನೇ ಕೊಳ್ಳಲೇ ಎಂದು ಕೇಳಿದರೆ, ಬೇಡ ಎನ್ನುತ್ತೇನೆ.

ಕ್ಯಾಮೆರಾದಲ್ಲಿ ದೋಷವಿಲ್ಲ. 2017ರಲ್ಲಿ ಬಂದದ್ದಾದರೂ ಇದರ ಚಿತ್ರ ಇಂದಿಗೂ ಸೊಗಸು. ರಾತ್ರಿಯ ಯಕ್ಷಗಾನದಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 6400ಕ್ಕೆ ಏರಿಸಿದರೂ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖದ ಮೇಲಿನ ಅಕ್ಕಿಹಿಟ್ಟಿನ ಚುಟ್ಟಿಯ ಮುಳ್ಳುಗಳನ್ನು ಎಣಿಸಬಹುದು.

ಆದರೆ 45.7 ಮೆಗಾಪಿಕ್ಸೆಲ್ ಎಂದರೆ ಚಾಡಿ ಹೇಳುವ ನೆರೆಮನೆಯವರಿದ್ದಂತೆ. ಕೈ ತುಸು ನಡುಗಿದ್ದು, ಫೋಕಸ್ ಕಣ್ಣಿನಿಂದ ಕಿವಿಗೆ ಜಾರಿದ್ದು, ಯಾವುದನ್ನೂ ಮುಚ್ಚಿಡುವುದಿಲ್ಲ. ಪುಂಡುವೇಷದ ಯುವಪಾತ್ರ ಗಿರಗಿರನೆ ತಿರುಗಿ ಧೀಂಗಿಣ ಹೊಡೆಯುವಾಗ ಸೆಕೆಂಡಿನ 1/125 ಶಟರ್ ವೇಗದಲ್ಲಿ ತೆಗೆದರೆ ಗೆಜ್ಜೆಕಾಲು ಮಸುಕಾಗುತ್ತದೆ. 1/500ಕ್ಕೆ ಹೋಗಬೇಕೆಂದರೆ ಹೆಚ್ಚು ಬೆಳಕು ಒಳಬಿಡುವ ಎಫ್/2.8 ಲೆನ್ಸ್ ಬೇಕು. ಅಂಥದ್ದೇ ನಿಕಾನ್ 24-70 ಎಂಎಂ ವಿಆರ್ (ಕೈ ನಡುಕ ತಗ್ಗಿಸುವ) ಲೆನ್ಸ್ ಒಂದು ಕಿಲೋಗೂ ಹೆಚ್ಚು, ಬ್ಯಾಟರಿ ಹಾಕಿದ ಬಾಡಿಯೂ ಅಷ್ಟೇ. ಬೆಳಗಿನ ಜಾವದ ಹೊತ್ತಿಗೆ ಕೊರಳು ಲೆಕ್ಕ ಒಪ್ಪಿಸುತ್ತದೆ. ಜೊತೆಗೆ, ಕುಗ್ಗಿಸದ ರಾ ಫೈಲ್ (ಕ್ಯಾಮೆರಾ ಹಿಡಿದ ಕಚ್ಚಾ ಚಿತ್ರ) ಒಂದೊಂದೂ ಸುಮಾರು 90 ಎಂಬಿ. ಹಳೆಯ ಲ್ಯಾಪ್‌ಟಾಪ್ ಅದರ ಮುಂದೆ ಏದುಸಿರು ಬಿಡುತ್ತದೆ.

ಒಂದು ವಿಷಯದಲ್ಲಿ ಮಾತ್ರ ದುಬಾರಿ ಬಾಡಿ ಕಲಿಯುವವರಿಗೇ ಹೆಚ್ಚು ಅನುಕೂಲ, ಅದನ್ನು ಹೇಳುವವರು ಕಡಿಮೆ. ಇದರಲ್ಲಿ ಎರಡು ಡಯಲ್ ಇವೆ: ಹೆಬ್ಬೆರಳಿಗೆ ಶಟರ್ (ಬೆಳಕು ಬೀಳುವ ಹೊತ್ತು), ತೋರುಬೆರಳಿಗೆ ಅಪರ್ಚರ್ (ಬೆಳಕು ಬರುವ ಕಿಂಡಿ). ಎರಡರ ನಂಟು ಬೆರಳಿಗೇ ಅರ್ಥವಾಗುತ್ತದೆ. ಹೊಸಬರಿಗೆಂದೇ ಮಾಡಿದ ಡಿ3500ರಲ್ಲಿ ಇರುವುದು ಒಂದೇ ಡಯಲ್. ಮ್ಯಾನುಯಲ್ ಮೋಡ್‌ನಲ್ಲಿ ಅಪರ್ಚರ್ ಬದಲಿಸಲು ಇನ್ನೊಂದು ಬಟನ್ ಒತ್ತಿ ಹಿಡಿದು ತಿರುಗಿಸಬೇಕು. ಈ ತಾಪತ್ರಯಕ್ಕೇ ಬೇಸತ್ತು ಬಹಳ ಜನ ಆಟೋದಲ್ಲೇ ಉಳಿದುಬಿಡುತ್ತಾರೆ ಎಂಬುದು ನನ್ನ ಗುಮಾನಿ.

ಆ ಎರಡು ಡಯಲ್‌ಗಾಗಿ ಡಿ850ರ ತನಕ ಹೋಗಬೇಕಿಲ್ಲ. 2015ರ ಡಿ7200ರಲ್ಲೂ ಅವು ಇವೆ. 24.2 ಮೆಗಾಪಿಕ್ಸೆಲ್, ಎರಡು ಎಸ್‌ಡಿ ಕಾರ್ಡಿಗೆ ಜಾಗ, ತಮ್ಮದೇ ಫೋಕಸ್ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳನ್ನೂ ಓಡಿಸುವ ಮೋಟರ್. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವಾಗ ಶಟರ್ ಎಷ್ಟು ಸಲ ಬಿದ್ದಿದೆ ಎಂದು ನೋಡಿ; ಕಂಪನಿ ಹೇಳುವ ಬಾಳಿಕೆ 1,50,000. ಅದಕ್ಕೆ 50 ಎಂಎಂ ಎಫ್/1.8ಜಿ ಲೆನ್ಸ್ ಹಾಕಿ. 185 ಗ್ರಾಂ ತೂಕ, ರಂಗಸ್ಥಳದ ಬೆಳಕಿಗೆ ಸಾಕು. ಹಕ್ಕಿ ಚಿತ್ರಕ್ಕಂತೂ ಡಿ850ಗಿಂತ ಸಣ್ಣದಾದ ಇದರ ಸೆನ್ಸರ್ (ಚಿತ್ರ ಹಿಡಿಯುವ ಫಲಕ) ವರವೇ: 200-500 ಎಂಎಂ ಲೆನ್ಸ್ 750 ಎಂಎಂನಷ್ಟು ಹತ್ತಿರ ತರುತ್ತದೆ. ಆ ಲೆನ್ಸನ್ನು ರಂಗನತಿಟ್ಟಿಗೆ ಹೋಗುವ ದಿನ ಬಾಡಿಗೆಗೆ ತಂದರಾಯಿತು.

ದುಡ್ಡಿಗೆ ಮದುವೆ ಆಲ್ಬಮ್ ಮಾಡಲು ಹೊರಟವರಿಗೆ, ದೊಡ್ಡ ಪ್ರಿಂಟ್ ಹಾಕುವವರಿಗೆ ಡಿ850 ಕಣ್ಣುಮುಚ್ಚಿ ಕೊಳ್ಳಬಹುದಾದ ಕ್ಯಾಮೆರಾ. ಅವರಿಗಾದರೆ ಐದಕ್ಕೆ ಐದು. ಕಲಿಯುವವರಿಗೆ ಎರಡು, ಅದೂ ಡಯಲ್‌ಗಳಿಗಾಗಿ.