ನೆಟ್ ಬ್ಯಾಂಕಿಂಗ್‌ಗೆ ಫ್ರೀ ಆಂಟಿವೈರಸ್ ಸಾಕಾ? ಮೂರು ಬಗೆ ಹಾಕಿ ನೋಡಿದ ಮೇಲೆ

ಬಳ್ಳಾರಿಯಲ್ಲಿ ಕೆಲವು ಜೀನ್ಸ್ ಹೊಲಿಗೆ ಘಟಕಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಬಟ್ಟೆ ಕೊಟ್ಟವರಿಗೆ ಆರ್‌ಟಿಜಿಎಸ್, ವಾಷಿಂಗ್‌ನವರಿಗೆ ಎನ್‌ಇಎಫ್‌ಟಿ, ವಾರದ ಬಟವಾಡೆ, ಜಿಎಸ್‌ಟಿ ಚಲನ್ ಎಲ್ಲವೂ ಆಫೀಸಿನ ಒಂದೇ ಕಂಪ್ಯೂಟರಿನಿಂದ ಹೋಗುತ್ತವೆ. ಹಾಗಾಗಿ ಧಣಿಗಳು ಪ್ರತಿ ವರ್ಷ ಕೇಳೋದು ಇದೊಂದೇ: "ದುಡ್ಡು ಕೊಟ್ಟು ಆಂಟಿವೈರಸ್ ತಗೋಬೇಕೇನ್ರೀ, ಫ್ರೀದೇ ನಡಿತದೇನು?"

ಬಾಯಿಮಾತಿನ ಉತ್ತರ ಬೇಡ ಅಂತ ಮೂರು ಬಗೆಯನ್ನೂ ಹಾಕಿ ಬಳಸಿದೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್. ಒಂದು ಘಟಕದ ಆಫೀಸಿನಲ್ಲಿ ಬೇರೆ ಕಂಪನಿಯ ಉಚಿತ ಆಂಟಿವೈರಸ್. ಇನ್ನೊಂದರಲ್ಲಿ ಅಂಗಡಿಯಲ್ಲಿ ಡಬ್ಬಿ ಸಮೇತ ಸಿಗುವ, ಕೀ ಹಾಕಿ ಶುರು ಮಾಡುವ ದುಡ್ಡಿನದು. ಕೊನೆಯ ಎರಡರ ಹೆಸರು ಹೇಳುವುದಿಲ್ಲ. ಒಂದೊಂದು ಮಷಿನ್‌ನ ಅನುಭವ ಹಿಡಿದು ಕಂಪನಿಯನ್ನೇ ತೂಗುವುದು ಸರಿಯಲ್ಲ.

ವೈರಸ್ ಹಿಡಿಯುವ ವಿಷಯ ಬೇಗ ಮುಗಿಯಿತು. ಐಕಾರ್ ಅನ್ನೋ ಒಂದು ಪರೀಕ್ಷೆಯ ಫೈಲ್ ಇದೆ. 68 ಅಕ್ಷರಗಳ ಒಂದು ಸಾಲು, ಅಷ್ಟೇ. ಯಾವ ಹಾನಿಯನ್ನೂ ಮಾಡುವುದಿಲ್ಲ, ಆದರೆ ಆಂಟಿವೈರಸ್‌ಗಳು ಅದನ್ನು ವೈರಸ್ ಎಂದೇ ಹಿಡಿಯುತ್ತವೆ. ಮೂರೂ ತಕ್ಷಣ ಹಿಡಿದವು. ಇದರಿಂದ ಗೊತ್ತಾಗೋದು ಕಾವಲುಗಾರ ಎಚ್ಚರ ಇದ್ದಾನೆ ಅನ್ನೋದಷ್ಟೇ, ಅವನು ಎಷ್ಟು ಚುರುಕು ಅನ್ನೋದಲ್ಲ. ಚುರುಕುತನ ಅಳೆಯಲು ನಿಜವಾದ ವೈರಸ್‌ಗಳು ಬೇಕು. ಅದನ್ನು ಆಫೀಸಿನಲ್ಲಿ ಮಾಡೋಕಾಗಲ್ಲ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್‌ನಂಥ ಸಂಸ್ಥೆಗಳು ಮಾಡುತ್ತವೆ. ಒಂದು ಕಾಲದಲ್ಲಿ ಡಿಫೆಂಡರ್ ಅಂದರೆ ಕಂಪ್ಯೂಟರ್ ರಿಪೇರಿಯವರೇ ನಗುತ್ತಿದ್ದರು. ಈಗ ಎವಿ-ಟೆಸ್ಟ್‌ನಲ್ಲಿ ಅದು ಹಲವು ಸಲ 18ಕ್ಕೆ 18 ಅಂಕ ತೆಗೆದಿದೆ. ಅಂದರೆ ಬರೀ ವೈರಸ್ ಹಿಡಿಯೋಕೆ ದುಡ್ಡು ಕೊಡುವ ಕಾಲ ಹೋಯಿತು ಅನ್ನೋದು ನನ್ನ ಅಭಿಪ್ರಾಯ.

ಬೇರೆ ಕಂಪನಿಯ ಉಚಿತದ್ದು ನನಗೆ ಹಿಡಿಸಲಿಲ್ಲ. ಅದನ್ನು ಹಾಕಿದ ಕೂಡಲೇ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ಎರಡು ಒಟ್ಟಿಗೆ ಕೆಲಸ ಮಾಡಬಾರದು ಅಂತ. ಅದು ಸರಿಯೇ. ಆದರೆ ಆಮೇಲೆ ಶುರುವಾಗುತ್ತೆ: "ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ", "ನಿಮ್ಮ ಗುಟ್ಟು ಬಯಲಾಗುತ್ತಿದೆ", "ಇವತ್ತೇ ಕೊಂಡರೆ ರಿಯಾಯಿತಿ". ಬ್ಯಾಂಕಿನ ಪುಟ ತೆರೆದು ಅಂಕಿ ಹಾಕುವಾಗ ಮೂಲೆಯಲ್ಲಿ ಕೆಂಪು ಡಬ್ಬಿ ಎದ್ದರೆ ಯಾರಿಗೆ ಗಾಬರಿ ಆಗಲ್ಲ? ಇಂಥ ಎಚ್ಚರಿಕೆ ದಿನಾ ನೋಡಿದ ಕ್ಲರ್ಕ್, ನಿಜವಾದ ಎಚ್ಚರಿಕೆ ಬಂದಾಗಲೂ ಅದನ್ನು ಸುಮ್ನೆ ಮುಚ್ಚುತ್ತಾನೆ. ನನ್ನ ಲೆಕ್ಕದಲ್ಲಿ ಇದೇ ಅದರ ದೊಡ್ಡ ಕೊರತೆ.

ಇನ್ನೊಂದು ಸಂಗತಿ ಬ್ರೌಸರಿನಲ್ಲಿ ಸೈಟುಗಳ ಸರ್ಟಿಫಿಕೇಟ್, ಅಂದರೆ ಸೈಟ್ ಅಸಲಿಯೇ ಎಂದು ತೋರಿಸುವ ಗುರುತುಪತ್ರ, ತೆಗೆದು ನೋಡಿದಾಗ ಕಂಡಿತು. ಸುದ್ದಿಯ ಸೈಟ್‌ಗಳಿಗೆ ಸರ್ಟಿಫಿಕೇಟ್ ಕೊಟ್ಟವರ ಜಾಗದಲ್ಲಿ ಆ ಆಂಟಿವೈರಸ್‌ನದೇ ಹೆಸರಿತ್ತು. ಅಂದರೆ ಬ್ರೌಸರ್‌ಗೂ ಸೈಟ್‌ಗೂ ನಡುವೆ ಅದು ಕೂತು, ಗುಪ್ತವಾಗಿ ಬರುವುದನ್ನು ಬಿಚ್ಚಿ ನೋಡಿ ಮತ್ತೆ ಮುಚ್ಚುತ್ತಿತ್ತು. ವೈರಸ್ ಹುಡುಕೋಕೆ ಅಂತಲೇ ಮಾಡೋದು, ದುಡ್ಡಿನವುಗಳಲ್ಲೂ ಕೆಲವು ಹೀಗೆ ಮಾಡುತ್ತವೆ. ನಮ್ಮ ಬ್ಯಾಂಕಿನ ಪುಟವನ್ನು ಅದು ಮುಟ್ಟಿರಲಿಲ್ಲ, ಅಷ್ಟರಮಟ್ಟಿಗೆ ಸಮಾಧಾನ. ಆದರೂ ಅಂಥ ಜಾಗದಲ್ಲಿ ಕೂರುವವರ ಮೇಲೆ ನಂಬಿಕೆ ಬೇಕು. ಅವಾಸ್ಟ್ ಅನ್ನೋ ಆಂಟಿವೈರಸ್ ಕಂಪನಿ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಅನ್ನೋ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. 2020ರಲ್ಲಿ ಅದನ್ನು ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿತು. ಇದು ದಾಖಲೆಯ ಮಾತು, ನಾನು ಹಾಕಿದ್ದಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ.

ದುಡ್ಡಿನದರಲ್ಲಿ ಏನು ಜಾಸ್ತಿ ಸಿಗುತ್ತೆ? ಮುಖ್ಯವಾಗಿ ಬ್ಯಾಂಕಿಂಗ್‌ಗೆ ಬೇರೆ ಕಿಟಕಿ. ಬಿಟ್‌ಡಿಫೆಂಡರ್‌ನಲ್ಲಿ ಸೇಫ್‌ಪೇ, ಕ್ಯಾಸ್ಪರ್‌ಸ್ಕಿಯಲ್ಲಿ ಸೇಫ್ ಮನಿ, ಪುಣೆಯ ಕ್ವಿಕ್ ಹೀಲ್‌ನಲ್ಲಿ ಸೇಫ್ ಬ್ಯಾಂಕಿಂಗ್ ಅಂತ ಇವೆ. ಬೇರೆ ಪ್ರೋಗ್ರಾಂಗಳು ನಾವು ಒತ್ತಿದ ಕೀ, ಪರದೆಯ ಚಿತ್ರ ಕದಿಯದಂತೆ ತಡೆಯೋದು ಇಂಥ ಕಿಟಕಿಯ ಕೆಲಸ. ನಾನು ಬಳಸಿದ ಕಿಟಕಿ ಹಣ ಕಳಿಸೋಕೆ ಚೆನ್ನಾಗಿತ್ತು. ಆದರೆ ಸ್ಟೇಟ್‌ಮೆಂಟ್ ಇಳಿಸಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ಗೆ ತರುವುದು ತಲೆನೋವು, ಕ್ಲರ್ಕ್ ನಾಲ್ಕೇ ದಿನಕ್ಕೆ ಹಳೆಯ ಕ್ರೋಮ್‌ಗೆ ವಾಪಸ್ ಹೋದ. ಬಳಸದ ಸೌಲಭ್ಯಕ್ಕೆ ದುಡ್ಡು ಕೊಟ್ಟಂತಾಯಿತು. ನಾಲ್ಕು ಜಿಬಿ ರ‍್ಯಾಮ್‌ನ ಆ ಮಷಿನ್ ಬೆಳಗ್ಗೆ ಎದ್ದು ನಿಲ್ಲೋಕೆ ಚಹಾ ಕುಡಿಯುವಷ್ಟು ಹೊತ್ತು ತಗೊಳ್ಳುತ್ತಿತ್ತು, ಅದು ಬೇರೆ ಮಾತು.

ಒಂದು ಕಡೆ ಮಾತ್ರ ದುಡ್ಡಿನದು ಮೆಚ್ಚುಗೆಯಾಯಿತು. ಪೆನ್‌ಡ್ರೈವ್. ಎಂಬ್ರಾಯ್ಡರಿ ಮಷಿನ್‌ಗೆ ಡಿಸೈನ್ ಹೋಗೋದು ಪೆನ್‌ಡ್ರೈವ್‌ನಲ್ಲೇ. ಅದೇ ಪೆನ್‌ಡ್ರೈವ್ ಡಿಸೈನ್ ಮಾಡುವವರ ಹತ್ತಿರ, ಜೆರಾಕ್ಸ್ ಅಂಗಡಿಗೆ, ಇನ್ನೊಂದು ಘಟಕಕ್ಕೆ ಊರೆಲ್ಲಾ ಸುತ್ತಿ ಬರುತ್ತೆ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಡುವ ವೈರಸ್ ಇಲ್ಲಿ ಯಾರಿಗೂ ಹೊಸದಲ್ಲ. ಈ ಆಂಟಿವೈರಸ್ ಡ್ರೈವ್ ಚುಚ್ಚಿದ ಕ್ಷಣವೇ ಪೂರ್ತಿ ಜಾಲಾಡಿ, ಆಮೇಲೆ ಒಳಗೆ ಬಿಡುತ್ತಿತ್ತು. ಡಿಫೆಂಡರ್ ಮಾಮೂಲಾಗಿ ಫೈಲ್ ತೆರೆಯುವಾಗ ನೋಡುತ್ತದೆ. ಮೊದಲೇ ನೋಡಬೇಕಾದರೆ ನಾವೇ ಬಲಗಡೆ ಕ್ಲಿಕ್ ಮಾಡಿ ಸ್ಕ್ಯಾನ್ ಹೇಳಬೇಕು.

ಆದರೆ ಈ ಹೋಲಿಕೆಯನ್ನೆಲ್ಲಾ ತಲೆಕೆಳಗು ಮಾಡಿದ್ದು ವಿಂಡೋಸ್. ದುಡ್ಡಿನ ಆಂಟಿವೈರಸ್ ಹಾಕಿದ್ದ ಕಂಪ್ಯೂಟರಿನಲ್ಲಿ ಇದ್ದದ್ದು ಕಳ್ಳ ವಿಂಡೋಸ್ 10. ಜೋಡಿಸಿ ಕೊಟ್ಟವರು ಆಕ್ಟಿವೇಟರ್ ಓಡಿಸಿ ಅಸಲಿಯಂತೆ ಕಾಣಿಸಿದ್ದರು. ಡಿಫೆಂಡರ್ ಇಂಥ ಆಕ್ಟಿವೇಟರ್‌ಗಳನ್ನು ಹ್ಯಾಕ್‌ಟೂಲ್ ಎಂದು ಹಿಡಿಯುತ್ತದೆ. ಅದಕ್ಕೇ ಅವರು ಮೊದಲು ಡಿಫೆಂಡರ್ ಆಫ್ ಮಾಡಿ, ಆ ಫೋಲ್ಡರನ್ನು ನೋಡಬೇಡ ಎಂದು ಎಕ್ಸ್‌ಕ್ಲೂಷನ್ ಪಟ್ಟಿಗೆ ಸೇರಿಸಿದ್ದರು. ಅಪ್‌ಡೇಟ್ ಕೂಡ ನಿಲ್ಲಿಸಿದ್ದರು. ಅಡ್ಮಿನ್ ಅಧಿಕಾರದಲ್ಲಿ ಓಡಿದ, ಯಾರು ಬರೆದರೋ ಗೊತ್ತಿಲ್ಲದ ಪ್ರೋಗ್ರಾಂ ಆಗಲೇ ಒಳಗಿದೆ. ಅದರ ಮೇಲೆ ಎಷ್ಟು ದುಬಾರಿ ಆಂಟಿವೈರಸ್ ಕೂರಿಸಿದರೇನು? ನಮ್ಮ ಕಡೆ ಸಣ್ಣ ಆಫೀಸುಗಳಲ್ಲಿ ಇದು ಅಪರೂಪವೇನೂ ಅಲ್ಲ. ಆಂಟಿವೈರಸ್‌ಗೆ ಪ್ರತಿ ವರ್ಷ ದುಡ್ಡು ಕೊಡುವವರು ವಿಂಡೋಸ್‌ಗೆ ಒಂದು ಸಲ ಕೊಡಲ್ಲ.

ಅಸಲಿ ವಿಂಡೋಸ್ 10 ಇದ್ದರೂ ಒಂದು ಮಾತು. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲು ಸೆಕ್ಯುರಿಟಿ ಅಪ್‌ಡೇಟ್ ನಿಂತಿದೆ. ಹೆಸರು ನೋಂದಾಯಿಸಿದವರಿಗೆ ಹೆಚ್ಚುವರಿಯಾಗಿ 2026ರ ಅಕ್ಟೋಬರ್‌ವರೆಗೆ ಸಿಗುತ್ತದೆ. ಡಿಫೆಂಡರ್‌ಗೆ ಹೊಸ ವೈರಸ್‌ಗಳ ಪಟ್ಟಿ ಮಾತ್ರ 2028ರ ಅಕ್ಟೋಬರ್‌ವರೆಗೂ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಪಟ್ಟಿ ಹೊಸದಾದರೂ ವಿಂಡೋಸ್‌ನ ತೂತು ಹಾಗೇ ಉಳಿಯುತ್ತದೆ, ಅದು ನೆನಪಿರಲಿ.

ಫೋನಿನ ಕಥೆ ಬೇರೆ. ಒಟಿಪಿ ಬರೋದು ಧಣಿಗಳ ಫೋನಿಗೆ. ಈಗ ವಾಟ್ಸಾಪ್‌ನಲ್ಲಿ "ಆರ್‌ಟಿಒ ಚಲನ್", "ಮದುವೆ ಕಾರ್ಡ್" ಅಂತ ಎಪಿಕೆ, ಅಂದರೆ ಫೋನಿಗೆ ಆ್ಯಪ್ ಹಾಕುವ, ಫೈಲ್‌ಗಳು ಬರುತ್ತವೆ. ಹಾಕಿಕೊಂಡು ಎಸ್‌ಎಂಎಸ್ ಅನುಮತಿ ಕೊಟ್ಟರೆ ಒಟಿಪಿ ನೇರ ಕಳ್ಳನಿಗೆ ಹೋಗುತ್ತದೆ. ಕಂಪ್ಯೂಟರಿನ ಯಾವ ಆಂಟಿವೈರಸ್‌ಗೂ ಇದು ಕಾಣಲ್ಲ. ಕೆವೈಸಿ ಅಂತ ಫೋನ್ ಮಾಡಿ ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸುವವರದೂ ಹಾಗೇ, ಅಲ್ಲಿ ವೈರಸ್ಸೇ ಇಲ್ಲವಲ್ಲ.

ದುಡ್ಡು ಹೋದರೆ ಬ್ಯಾಂಕ್ ಕೇಳೋದೂ ಆಂಟಿವೈರಸ್ ಬಿಲ್ಲನ್ನಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಲ್ಲಿ ನೋಡೋದು ಎರಡು: ಪಾಸ್‌ವರ್ಡ್, ಒಟಿಪಿ ನೀವೇ ಕೊಟ್ಟಿರಾ? ಎಷ್ಟು ಬೇಗ ತಿಳಿಸಿದಿರಿ? ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಎಲ್ಲೋ ಆಗಿದೆ ಅಂದರೆ ಮೂರು ಕೆಲಸದ ದಿನಗಳೊಳಗೆ ಹೇಳಿದವರಿಗೆ ನಷ್ಟವಿಲ್ಲ. ನೀವೇ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದೇ. ಬ್ಯಾಂಕಿಗೆ ಹೇಳುವುದರ ಜೊತೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಬೇಕು.

ಈಗ ನಮ್ಮಲ್ಲಿ ಮಾಡಿರೋದು ಇಷ್ಟು. ಅಸಲಿ ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಒಂದನ್ನು ಬ್ಯಾಂಕ್ ಮತ್ತು ಜಿಎಸ್‌ಟಿಗೆ ಮೀಸಲಿಟ್ಟಿದ್ದೇವೆ. ಅದಕ್ಕೆ ಡಿಫೆಂಡರ್ ಒಂದೇ, ಪೆನ್‌ಡ್ರೈವ್ ಹಾಕುವಂತಿಲ್ಲ. ಬ್ಯಾಂಕಿನ ವಿಳಾಸ ಬುಕ್‌ಮಾರ್ಕ್‌ನಿಂದಲೇ ತೆರೆಯೋದು. ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ಬ್ಯಾಂಕುಗಳು ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬಂದಿರುವುದರಿಂದ ಕೊನೆಯ ಅಕ್ಷರ ನೋಡೋದು ಕ್ಲರ್ಕ್‌ಗೂ ಸುಲಭ. ದುಡ್ಡಿನ ಕೀ ಅವಧಿ ಇನ್ನೂ ಉಳಿದಿದೆ. ಅದನ್ನು ಎಂಬ್ರಾಯ್ಡರಿ ಡಿಸೈನ್ ಕಂಪ್ಯೂಟರಿಗೆ ಹಾಕಿದ್ದೇನೆ, ಮುಂದಿನ ವರ್ಷ ರಿನ್ಯೂ ಮಾಡಿಸೋದೂ ಅದೊಂದಕ್ಕೇ.