ಕಾರ್ ಸ್ಟೀರಿಯೊ: ಪರದೆಗಿಂತ ಮೊದಲು ಮೈಕ್ ನೋಡಿ

ದಿನವೂ ಕರೆ, ದಿನವೂ ಹಾಡು ಎಂದು ಮೂರು ವರ್ಷ ಬಳಸಿದ ಮೇಲೆ ಒಂದು ಮಾತು ಖಚಿತವಾಗಿ ಹೇಳಬಹುದು. ಬ್ಲೂಟೂತ್ ಸ್ಟೀರಿಯೊದ ಯೋಗ್ಯತೆ ಮೊದಲು ಗೊತ್ತಾಗುವುದು ಫೋನಿನ ಆ ತುದಿಯಲ್ಲಿರುವವರಿಗೆ. ಕಾರಿನೊಳಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ, ಆ ಕಡೆಯವರು ಮಾತ್ರ 'ಏನಂದ್ರಿ?' ಎಂದು ಮತ್ತೆ ಮತ್ತೆ ಕೇಳುತ್ತಾರೆ. ಹಾಗಾಗಿ ಹೊರಗಿನ ಮೈಕ್ ಸಿಕ್ಕಿಸುವ 3.5 ಮಿ.ಮೀ. ಜಾಕ್ ಹಿಂಬದಿಯಲ್ಲಿ ಇಲ್ಲದ ಸೆಟ್ ಬೇಡ. ಮುಖಫಲಕದಲ್ಲೇ ಮೈಕ್ ಇರುವ ಸೆಟ್‌ಗಳಲ್ಲಿ ಅದು ಚಾಲಕನ ಬಾಯಿಂದ ದೂರ, ಎಸಿ ಕಿಂಡಿಗೆ ಹತ್ತಿರ. ಮಾತಿಗಿಂತ ಗಾಳಿಯ ಸದ್ದೇ ಹೆಚ್ಚು ಹೋಗುತ್ತದೆ.

ಹೊರಗಿನ ಮೈಕ್‌ಗೆ ಒಳ್ಳೆಯ ಜಾಗ ಒಳಗನ್ನಡಿಯ ಪಕ್ಕ ಅಥವಾ ಸನ್ ವೈಸರ್‌ನ ಬುಡ, ಬಾಯಿಯ ಕಡೆಗೆ ಮುಖ ಮಾಡಿ. ಸ್ಟೀರಿಂಗ್ ಕಾಲಮ್ ಮೇಲೂ ನಡೆಯುತ್ತದೆ, ಆದರೆ ಎಸಿ ಗಾಳಿ ನೇರ ಬಡಿಯಬಾರದು. ವೈರನ್ನು ಮುಂಗಾಜಿನ ಪಕ್ಕದ ಕಂಬದೊಳಗೆ ಎಳೆಯುವಾಗ ಅಲ್ಲಿ ಕರ್ಟನ್ ಏರ್‌ಬ್ಯಾಗ್ (ಅಪಘಾತದಲ್ಲಿ ಪಕ್ಕದ ಕಿಟಕಿಗೆ ಅಡ್ಡ ಬಿಚ್ಚಿಕೊಳ್ಳುವುದು) ಇದೆಯೇ ನೋಡಿಕೊಳ್ಳಿ. ಇದ್ದರೆ ವೈರ್ ಅದರ ಹಿಂದಿನಿಂದ ಹೋಗಬೇಕು, ಮುಂದಿನಿಂದ ಖಂಡಿತ ಬೇಡ. ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೆ ಏನೂ ಅಡ್ಡ ಬರಬಾರದು.

ಆ ಕಡೆಯವರಿಗೆ ಅವರದೇ ಧ್ವನಿ ಮರಳಿ ಕೇಳಿಸುತ್ತಿದ್ದರೆ ಸ್ಪೀಕರ್ ಸದ್ದು ಮೈಕ್‌ಗೆ ಹೋಗುತ್ತಿದೆ ಎಂದರ್ಥ. ಮೊದಲು ಕರೆಯ ವಾಲ್ಯೂಮ್ ಇಳಿಸಿ, ಆಮೇಲೆ ಮೆನುವಿನಲ್ಲಿ ಮೈಕ್ ಗೇನ್ (ಮೈಕ್ ಎಷ್ಟು ಸದ್ದು ಹಿಡಿಯಬೇಕೆಂಬುದು) ಒಂದೊಂದೇ ಹಂತ ಕಡಿಮೆ ಮಾಡಿ. ಗೇನ್ ಸರಿಪಡಿಸುವುದನ್ನು ನಿಂತ ಕಾರಿನಲ್ಲಿ ಮುಗಿಸಿಬಿಡುವುದೇ ಸಾಮಾನ್ಯ ತಪ್ಪು. ಗಾಜು ಏರಿಸಿ, ಎಸಿ ಹಾಕಿ, ಕಾರು ವೇಗದಲ್ಲಿ ಓಡುತ್ತಿರುವಾಗ ಕರೆ ಮಾಡಿ ಪರೀಕ್ಷಿಸಬೇಕು. ಹಂತ ಬದಲಿಸುವ ಕೆಲಸ ಪಕ್ಕದ ಸೀಟಿನವರದು.

ಸ್ಟೀರಿಯೊದ ವಿವರಪಟ್ಟಿಯಲ್ಲಿ ಎಚ್‌ಎಫ್‌ಪಿ (ಬ್ಲೂಟೂತ್ ಕರೆಯ ಮಾನದಂಡ) 1.6 ಅಥವಾ ಅದಕ್ಕಿಂತ ಹೊಸದು ಎಂದಿದೆಯೇ, ವೈಡ್‌ಬ್ಯಾಂಡ್ ಧ್ವನಿ ಇದೆಯೇ ಹುಡುಕಿ. ಹಳೆಯ ವಿಧಾನದಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆಯಲಾಗುತ್ತದೆ, ವೈಡ್‌ಬ್ಯಾಂಡ್‌ನಲ್ಲಿ 16,000 ಬಾರಿ. 'ಸ' ಮತ್ತು 'ಶ' ಬೇರೆಬೇರೆಯಾಗಿ ಕೇಳಿಸುವುದು ಇದರಿಂದ. ಫೋನ್ ಮತ್ತು ಸ್ಟೀರಿಯೊ ಎರಡೂ ಇದನ್ನು ಬಲ್ಲವಾಗಿರಬೇಕು.

ಹಾಡಿನ ವಿಷಯದಲ್ಲಿ ಇಷ್ಟು ತಲೆಬಿಸಿ ಇಲ್ಲ. ಎಸ್‌ಬಿಸಿ ಎಂಬ ಕೋಡೆಕ್ (ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ) ಎಲ್ಲ ಸೆಟ್‌ನಲ್ಲೂ ಇರುತ್ತದೆ. ಐಫೋನ್ ಬಳಸುವವರು ಎಎಸಿ ಇರುವುದನ್ನು ಆರಿಸಲಿ; ಆಪ್ಟ್‌ಎಕ್ಸ್, ಎಲ್‌ಡಿಎಸಿ ಎಂಬ ಹೆಸರಿಗೆ ಅವರು ಹೆಚ್ಚು ಹಣ ಕೊಡುವುದು ವ್ಯರ್ಥ, ಐಫೋನ್ ಅವನ್ನು ಕಳಿಸುವುದೇ ಇಲ್ಲ. ಹಾಡಿನ ಹಿಂದೆ 'ಸ್ಸ್' ಎಂಬ ಸದ್ದು ಬಂದರೆ ಹೆಚ್ಚಾಗಿ ಫೋನಿನ ವಾಲ್ಯೂಮ್ ಕಡಿಮೆ ಇರುತ್ತದೆ. ಅದನ್ನು ಪೂರ್ತಿ ಏರಿಸಿಟ್ಟು, ಏರಿಳಿತವನ್ನೆಲ್ಲ ಸ್ಟೀರಿಯೊದಲ್ಲೇ ಮಾಡಿ. ಇದಕ್ಕೆ ತಿರುಗಿಸುವ ಗುಂಡಿಯೇ (ನಾಬ್) ಬೇಕು. ಓಡಿಸುವಾಗ ಪರದೆಯ ಮೇಲೆ ವಾಲ್ಯೂಮ್ ಹುಡುಕುವ ಸೆಟ್ ಎಷ್ಟೇ ಚೆಂದವಿದ್ದರೂ ಬೇಡ.

ಡಬ್ಬದ ಮೇಲಿನ '50 ವ್ಯಾಟ್ x 4' ಕ್ಷಣಮಾತ್ರದ ಗರಿಷ್ಠ. ಕಾರಿನ 14.4 ವೋಲ್ಟ್‌ನಲ್ಲಿ, ಒಳಗಿನ ಆಂಪ್ಲಿಫೈಯರ್ 4 ಓಮ್ ಸ್ಪೀಕರ್‌ಗೆ ಶುದ್ಧವಾಗಿ ಕೊಡಬಲ್ಲದ್ದು ಲೆಕ್ಕದ ಪ್ರಕಾರವೇ ಸುಮಾರು 26 ವ್ಯಾಟ್ ದಾಟುವುದಿಲ್ಲ. ಆರ್‌ಎಂಎಸ್ (ನಿರಂತರವಾಗಿ ಕೊಡಬಲ್ಲ ಶಕ್ತಿ) ಅಂಕಿಯನ್ನಷ್ಟೇ ಹೋಲಿಸಿ. ಅಳತೆ (ಡಿನ್ ಎಂದರೆ ಸ್ಟೀರಿಯೊ ಗಾತ್ರದ ಮಾನದಂಡ): ಸಿಂಗಲ್ ಡಿನ್ ಮುಖ 180 x 50 ಮಿ.ಮೀ., ಡಬಲ್ ಡಿನ್ 180 x 100 ಮಿ.ಮೀ. ಹಿಂದೆ ಪ್ಲಗ್ ಮತ್ತು ವೈರ್‌ಗೆ ಇನ್ನೂ ಜಾಗ ಬೇಕಾಗುತ್ತದೆ, ಅದನ್ನೂ ಅಳೆಯಿರಿ.

ಜೋಡಿಸುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಸ್ಟೀರಿಯೊ ಕಡೆಯ ವೈರ್‌ಗಳಲ್ಲಿ ಹಳದಿ ಬ್ಯಾಟರಿಯಿಂದ ಸದಾ ಬರುವ ಕರೆಂಟ್, ಕೆಂಪು ಕೀ ತಿರುಗಿಸಿದಾಗ ಬರುವುದು, ಕಪ್ಪು ಅರ್ಥ್ (ಕಾರಿನ ಲೋಹಕ್ಕೆ ಕಟ್ಟುವುದು). ಕಾರಿನ ಕಡೆ ಬಣ್ಣ ನಂಬದೆ ಮಲ್ಟಿಮೀಟರ್‌ನಲ್ಲಿ ನೋಡಿ. ಕೆಲವು ಕಾರುಗಳಲ್ಲಿ ಹಳದಿ, ಕೆಂಪಿನ ಜಾಗ ಅದಲುಬದಲಾಗಿರುತ್ತದೆ. ಆಗ ಕೀ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್ ಎಲ್ಲ ಅಳಿಸಿಹೋಗುತ್ತವೆ. ಎರಡನ್ನೂ ಬ್ಯಾಟರಿಗೇ ಕೊಟ್ಟರೆ ಸೆಟ್ ತಾನಾಗಿ ಆರದೆ, ನಿಂತ ಕಾರಿನ ಬ್ಯಾಟರಿ ಬರಿದಾಗುತ್ತದೆ. ಸ್ಟೀರಿಂಗ್ ಮೇಲಿನ ಗುಂಡಿಗಳು ಕೆಲಸ ಮಾಡಬೇಕಾದರೆ ಆ ಕಾರಿನ ಮಾದರಿಗೆ ಹೊಂದುವ ಅಡಾಪ್ಟರ್ ಬೇರೆಯೇ ಬೇಕಾಗಬಹುದು.

ಎಂಜಿನ್ ವೇಗದ ಜೊತೆ ಏರುವ 'ಕುಂಯ್' ಸದ್ದು ಎಲ್ಲಿಂದ ಎಂದು ಪತ್ತೆ ಮಾಡುವುದು ಸುಲಭ. ಫೋನ್ ಚಾರ್ಜ್ ಆಗುತ್ತ ಆಕ್ಸ್ ವೈರ್‌ನಲ್ಲಿ (ಫೋನಿನಿಂದ ಸ್ಟೀರಿಯೊಗೆ ಹಾಡು ಒಯ್ಯುವ ವೈರ್) ಹಾಡು ಕೇಳುವಾಗ ಮಾತ್ರ ಬಂದರೆ ಅದು ಚಾರ್ಜರ್‌ನಿಂದ ಆದ ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಅರ್ಥ್ ಸೇರಿ ಸದ್ದು ನುಸುಳುವುದು. ಫೋನಿಗೆ ಯಾವ ವೈರೂ ಹಾಕದೆ, ಬ್ಲೂಟೂತ್‌ನಲ್ಲೂ ಬಂದರೆ ಕಪ್ಪು ವೈರ್ ಬಿಚ್ಚಿ, ಬಣ್ಣ ಕೆರೆದ ಲೋಹಕ್ಕೆ ಬಿಗಿಯಾಗಿ ಕಟ್ಟಿ.

ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಹಾಡು ಬಂದು ಕರೆ ಬಾರದಿದ್ದರೆ ಫೋನಿನ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಕರೆಯ ಆಯ್ಕೆ ಆನ್ ಇದೆಯೇ ನೋಡಿ. ಎರಡೂ ಬೇರೆ ಬೇರೆ ಸಂಪರ್ಕಗಳು. ಆಗಲೂ ಆಗದಿದ್ದರೆ ಜೋಡಣೆಯನ್ನು ಫೋನ್, ಸ್ಟೀರಿಯೊ ಎರಡರಲ್ಲೂ ಅಳಿಸಿ ಹೊಸದಾಗಿ ಜೋಡಿಸಿ. ಒಂದೇ ಕಡೆ ಅಳಿಸಿದರೆ ಹಳೆಯ ಜೋಡಣೆಯ ಕೀಲಿ (ಗುಪ್ತ ಸಂಕೇತ) ಇನ್ನೊಂದರಲ್ಲಿ ಉಳಿದು ಸಂಪರ್ಕ ಸರಿಯಾಗಿ ಆಗದೆ ಹೋಗಬಹುದು.